ಪಂಚೆ ಮೇಲೆ ಹಳದಿ ಚುಕ್ಕಿ: ಮಳೆ-ಚಳಿಯಲ್ಲಿ ಜೇನು ಮನೆ ಗುಡಿಸುವ ಬಗೆ

ಕಕ್ಕಡ ತಿಂಗಳು (ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲ) ಬಂದರೆ ಕೊಡಗಿನ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವುದೇ ಒಂದು ಉದ್ಯೋಗ. ಅಡುಗೆಮನೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದರೂ ಬಟ್ಟೆಗೆ ಹೊಗೆ ವಾಸನೆ ಬರುತ್ತದೆಯೇ ಹೊರತು ತೇವ ಹೋಗುವುದಿಲ್ಲ. ಒಂದು ವರ್ಷ ಹನ್ನೆರಡು ದಿನ ಬಿಡದೆ ಸುರಿದ ಮಳೆ ಒಂದು ಮಧ್ಯಾಹ್ನ ನಿಂತಿತು. ಮೋಡ ಹರಿದು ಎಳೆಬಿಸಿಲು ಬಿತ್ತು. ಅಮ್ಮ ಓಡಿಹೋಗಿ ಅಪ್ಪನ ಬಿಳಿ ಪಂಚೆ, ಟವೆಲು, ದಿಂಬಿನ ಕವರು ಎಲ್ಲ ತಂದು ಅಂಗಳದ ತಂತಿಗೆ ಹಾಕಿದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಪಂಚೆ ತುಂಬ ಹಳದಿ ಚುಕ್ಕಿ! ಕೆಲವು ಸಾಸಿವೆ ಕಾಳಿನಷ್ಟು, ಕೆಲವು ಬಾಲ ಎಳೆದ ಗೀಟಿನ ಹಾಗೆ. ಬೆರಳಲ್ಲಿ ಒರೆಸಿದರೆ ಅರಿಶಿನದಂತೆ ಹರಡುತ್ತಿತ್ತು.

"ಇದು ನಿನ್ನ ಹುಳುಗಳದ್ದೇ ಕೆಲಸ. ನೀನೇ ಒಗೆ" ಅಂದರು ಅಮ್ಮ.

ಅಮ್ಮನ ಮಾತು ನಿಜ. ಅಂಗಳದ ಬದಿಯ ಹಲಸಿನ ಮರದಡಿ ನನ್ನ ಆರು ಜೇನುಪೆಟ್ಟಿಗೆ ಇವೆ. ಹನ್ನೆರಡು ದಿನ ಹೊರಗೆ ಕಾಲಿಡದೆ ಕೂತಿದ್ದ ಹುಳುಗಳು ಬಿಸಿಲು ಕಂಡ ಕೂಡಲೇ ಒಟ್ಟಿಗೆ ಹೊರಬಿದ್ದು, ಮನೆಯ ಸುತ್ತ ಎರಡು ಸುತ್ತು ಹಾಕಿ ಹೊಟ್ಟೆ ಖಾಲಿ ಮಾಡಿಕೊಂಡಿದ್ದವು. ಬಿಳಿ ಬಟ್ಟೆ ಅಲ್ಲೇ ಇತ್ತು, ಅಷ್ಟೇ.

ಜೇನುಹುಳು ಗೂಡಿನೊಳಗೆ ಮಲ ಮಾಡುವುದಿಲ್ಲ. ಆರೋಗ್ಯವಾಗಿರುವ ಕೆಲಸಗಾರ ಹುಳು ಎಷ್ಟೇ ಕಷ್ಟವಾದರೂ ತಡೆದುಕೊಳ್ಳುತ್ತದೆ. ಹಿಮ ಬೀಳುವ ದೇಶಗಳಲ್ಲಿ ಜೇನು ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಹೀಗೆ ಕಾಯುತ್ತದೆ. ಅದರ ಹೊಟ್ಟೆಯ ಹಿಂಭಾಗದಲ್ಲಿ ಒಂದು ಚೀಲ ಇದೆ. ಅದು ಬಲೂನಿನ ಹಾಗೆ ಹಿಗ್ಗುತ್ತದೆ. ಒಳಗಿನ ನೀರಿನಂಶವನ್ನು ಮೈ ಮತ್ತೆ ಹೀರಿಕೊಳ್ಳುತ್ತದೆ. ಉಳಿಯುವುದು ಮುಖ್ಯವಾಗಿ ಪರಾಗದ ಸಿಪ್ಪೆ. ಜೇನುತುಪ್ಪ ಪೂರ್ತಿ ಅರಗುತ್ತದೆ, ಕಸ ಬಿಡುವುದಿಲ್ಲ ಎಂದೇ ಹೇಳಬಹುದು. ಪರಾಗದ ಒಳಗಿನ ತಿರುಳು ಅರಗುತ್ತದೆ, ಹೊರಚಿಪ್ಪು ಅರಗುವುದಿಲ್ಲ. ಆ ಹಳದಿ ಬಣ್ಣ ಅದರದ್ದು. (ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದು ಮರುದಿನ ಬೆಳಗ್ಗೆ ಮೂತ್ರದ ಬಣ್ಣ ನೋಡಿ ಗಾಬರಿಬಿದ್ದ ನೆಂಟರು ನಮ್ಮಲ್ಲೂ ಇದ್ದಾರೆ. ತಿಂದದ್ದು ತಾನೇ ಹೊರಗೆ ಬರೋದು?)

ಈ ಹಳದಿ ಚುಕ್ಕಿ ಒಮ್ಮೆ ಅಂತರರಾಷ್ಟ್ರೀಯ ಜಗಳಕ್ಕೂ ಕಾರಣವಾಗಿತ್ತು. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್, ಲಾವೋಸ್ ಮತ್ತು ಕಾಂಬೋಡಿಯಾದಲ್ಲಿ ಸೋವಿಯತ್ ಬೆಂಬಲದ ಪಡೆಗಳು ವಿಷದ ಅಸ್ತ್ರ ಬಳಸುತ್ತಿವೆ ಎಂದು ಆರೋಪಿಸಿದರು. ಎಲೆಗಳ ಮೇಲೆ ಬಿದ್ದಿದ್ದ 'ಹಳದಿ ಮಳೆ' ಅದಕ್ಕೆ ಸಾಕ್ಷಿ ಎಂದಾಯಿತು. ಆಮೇಲೆ ಮ್ಯಾಥ್ಯೂ ಮೆಸೆಲ್ಸನ್, ಥಾಮಸ್ ಸೀಲಿ ಮುಂತಾದ ವಿಜ್ಞಾನಿಗಳು ಆ ಚುಕ್ಕಿಗಳನ್ನು ಪರೀಕ್ಷಿಸಿದರೆ ಒಳಗೆ ಇದ್ದದ್ದು ಪರಾಗದ ಸಿಪ್ಪೆ. ಅವರೇ ಥಾಯ್ಲೆಂಡಿನ ಕಾಡಿಗೆ ಹೋಗಿ ನಿಂತು, ಹೆಜ್ಜೇನಿನ ಹಿಂಡು ತಲೆಯ ಮೇಲೆ ಹಳದಿ ಮಳೆ ಸುರಿಸುವುದನ್ನು ಅನುಭವಿಸಿ ಬಂದರು. ಅಮ್ಮನ ಪಂಚೆ ಜಗಳ ಅದರ ಮುಂದೆ ಏನೂ ಅಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಚಳಿಯಲ್ಲಿ ಜೇನು ತನ್ನ ಗೂಡನ್ನು ಹೇಗೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತದೆ ಎಂದು ಯಾರಾದರೂ ಕೇಳಿದರೆ, ಕೊಡಗಿನವರು ಮೊದಲು ಕೇಳಬೇಕಾದ್ದು 'ಯಾವ ಚಳಿ?' ಅಂತ. ಪುಸ್ತಕಗಳಲ್ಲಿ ಬರೆದ ಚಳಿ ಹಿಮದ್ದು. ಅದು ಒಣ ಚಳಿ. ನಮ್ಮದು ಒದ್ದೆ ಚಳಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಜುಲೈಯಲ್ಲಿ ಅಲ್ಲಿ ನಡುಮಧ್ಯಾಹ್ನವೂ 20 ಡಿಗ್ರಿ ಆಸುಪಾಸು. ಜನವರಿಯ ಬೆಳಗ್ಗೆ ಇನ್ನೂ ಕೆಳಗೆ ಇಳಿಯುತ್ತದೆ, ಆದರೆ ಹತ್ತು ಗಂಟೆಗೆಲ್ಲ ಬಿಸಿಲು ಏರಿ ಹುಳು ಹೊರಗೆ ಹೋಗುತ್ತದೆ. ಹಾಗಾಗಿ ನಮ್ಮ ಜೇನಿಗೆ ನಿಜವಾದ ಚಳಿಗಾಲ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ಅದೂ ಭಾಗಮಂಡಲ, ನಾಪೋಕ್ಲು ಕಡೆಯ ಹುಳುವಿಗೆ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯ ಹುಳುವಿಗೆ ಈ ಪಾಡು ಅಷ್ಟಿಲ್ಲ.

ಒಂದು ಹುಳುವಿನ ಮೈ ಸುಮಾರು 10 ಡಿಗ್ರಿಗೆ ಇಳಿದರೆ ಅದು ಮರಗಟ್ಟುತ್ತದೆ. ಕಾಲು ಆಡುವುದಿಲ್ಲ, ರೆಕ್ಕೆ ಆಡುವುದಿಲ್ಲ. ಆದರೆ ಮೊಟ್ಟೆ-ಮರಿ ಇರುವ ಎರಿಯ (ಮೇಣದ ಕೋಶಗಳ ಹಲ್ಲೆಯ) ನಡುಭಾಗ ಮಾತ್ರ ಮಳೆಯಿರಲಿ ಚಳಿಯಿರಲಿ 33ರಿಂದ 36 ಡಿಗ್ರಿ ಒಳಗೇ ಇರಬೇಕು. ಅದಕ್ಕೆ ಹುಳುಗಳು ರೆಕ್ಕೆ ಬಡಿಯದೆ, ರೆಕ್ಕೆ ಆಡಿಸುವ ಸ್ನಾಯುವನ್ನು ಮಾತ್ರ ಅದುರಿಸಿ ಬಿಸಿ ಹುಟ್ಟಿಸುತ್ತವೆ. ಚಳಿ ಹೆಚ್ಚಿದಷ್ಟೂ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಮುದ್ದೆಯ ಒಳಗೆ ಬೆಚ್ಚಗೆ. ಮುದ್ದೆಯಿಂದ ನಾಲ್ಕು ಬೆರಳು ಕೆಳಗೆ, ಪೆಟ್ಟಿಗೆಯ ಅಡಿಹಲಗೆಯಲ್ಲಿ, ಹೊರಗಿನಷ್ಟೇ ತಣ್ಣಗೆ. ಕಸ ಬೀಳುವುದು ಅಲ್ಲೇ. ಗುಡಿಸಬೇಕಾದ ನೆಲ ತಣ್ಣಗಿದೆ, ಗುಡಿಸುವವರು ಬಿಸಿ ಬಿಟ್ಟು ಬರುವ ಹಾಗಿಲ್ಲ. ಚಳಿಗಾಲದ ಶುಚಿತ್ವದ ಎಲ್ಲ ತಾಪತ್ರಯ ಈ ಒಂದು ವಿಷಯದಿಂದ ಶುರುವಾಗುತ್ತದೆ.

ಕಸ ಎಷ್ಟು? ಸುಮ್ನೆ ಒಂದು ಲೆಕ್ಕ ಹಾಕೋಣ. ನಾವು ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು, ಅಂದರೆ ತುಡುವೆ ಜೇನಿನ ಒಂದು ಸಂಸಾರದಲ್ಲಿ ಹತ್ತು ಸಾವಿರ ಹುಳು ಇವೆ ಎಂದುಕೊಳ್ಳಿ. ಒಂದು ಕೆಲಸಗಾರ ಹುಳು ಸುಮಾರು 40 ದಿನ ಬದುಕುತ್ತದೆ ಎಂದುಕೊಳ್ಳಿ. ಸಂಸಾರ ಹಾಗೇ ಇರಬೇಕಾದರೆ ದಿನಕ್ಕೆ 250 ಹುಳು ಸಾಯುತ್ತವೆ, 250 ಹುಟ್ಟುತ್ತವೆ. ಕಾಫಿ ಹೂ ಬಿಡುವ ಮಾರ್ಚ್-ಏಪ್ರಿಲ್‌ನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ವಯಸ್ಸಾದ ಹುಳು ಹೊರಗೆ ದುಡಿಯಲು ಹೋಗಿ ಅಲ್ಲೇ ಎಲ್ಲೋ ಬಿದ್ದುಹೋಗುತ್ತದೆ. ಕಾಯಿಲೆ ಬಿದ್ದ ಹುಳು ಎಷ್ಟೋ ಸಲ ತಾನಾಗಿಯೇ ಗೂಡು ಬಿಟ್ಟು ಹೊರಗೆ ಹೋಗಿ ಸಾಯುತ್ತದೆ. ಮಳೆಗಾಲದಲ್ಲಿ ಹೊರಗೆ ಹೋಗುವುದೇ ಇಲ್ಲವಲ್ಲ. ಸಾವು ಮನೆಯೊಳಗೇ ಆಗುತ್ತದೆ. ಹೆಣ ಅಡಿಹಲಗೆಗೆ ಬೀಳುತ್ತದೆ. ಒದ್ದೆಯಲ್ಲಿ ಎರಡು ದಿನ ಬಿದ್ದಿದ್ದರೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ.

ಹೆಣ ಸಾಗಿಸುವ ಕೆಲಸಕ್ಕೆ ಗೂಡಿನಲ್ಲಿ ಬೇರೆಯೇ ಹುಳುಗಳಿವೆ. ತೀರಾ ಎಳೆಯವಲ್ಲ, ಮುದಿಯೂ ಅಲ್ಲ, ಎರಡು-ಮೂರು ವಾರದ ಪ್ರಾಯದವು. ಯಾವ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ ಒಂದರಷ್ಟು ಮಾತ್ರ ಈ ಕೆಲಸದಲ್ಲಿರುತ್ತವೆ. ಸಾಮಾನ್ಯ ದಿನಗಳಲ್ಲಿ ಇವು ಎಷ್ಟು ಚುರುಕು ಎಂದರೆ ಸತ್ತ ಹುಳು ಒಂದು ಗಂಟೆಯೊಳಗೆ ಗೂಡಿನ ಆಚೆ. ಕತ್ತಲಲ್ಲಿ ಇದು ಸತ್ತಿದೆ, ಇದು ಸುಮ್ಮನೆ ಕೂತಿದೆ ಅಂತ ಗೊತ್ತಾಗುವುದು ಹೇಗೆ? ಹೆಣ ಹಳತಾದಾಗ ಅದರಿಂದ ಒಲೀಕ್ ಆಮ್ಲದ ವಾಸನೆ ಬರುತ್ತದೆ, ಅದು ಗುರುತು ಎಂದು ಮೊದಲಿಂದ ಗೊತ್ತಿತ್ತು. ಆದರೆ ಆ ವಾಸನೆ ಬರುವ ಮೊದಲೇ ಹೆಣ ಹೊರಟುಹೋಗಿರುತ್ತದಲ್ಲ? ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ನಮ್ಮ ತುಡುವೆಯ ಜಾತಿಯ ಜೇನಿನ ಮೇಲೆಯೇ ಈ ಪ್ರಶ್ನೆ ಇಟ್ಟುಕೊಂಡು ಪ್ರಯೋಗ ಮಾಡಿದರು. ಸಿಕ್ಕಿದ ಉತ್ತರ ತುಂಬ ಸರಳ. ಬದುಕಿರುವ ಹುಳು ಬೆಚ್ಚಗಿರುತ್ತದೆ. ಆ ಬಿಸಿಗೆ ಅದರ ಮೈಮೇಲಿನ ಮೇಣದಂಥ ಲೇಪದ ವಾಸನೆ ಸ್ವಲ್ಪ ಸ್ವಲ್ಪ ಗಾಳಿಗೆ ಏರುತ್ತಿರುತ್ತದೆ. ಸತ್ತರೆ ಮೈ ತಣ್ಣಗಾಗುತ್ತದೆ, ವಾಸನೆ ಕುಗ್ಗುತ್ತದೆ. 'ಇಲ್ಲಿ ಬದುಕಿರುವ ವಾಸನೆ ಇಲ್ಲ' ಎಂಬುದೇ ಗುರುತು. ಸತ್ತ ಹುಳುವನ್ನು ಬಿಸಿ ಮಾಡಿ ಇಟ್ಟಾಗ ಹೊರುವ ಹುಳುಗಳು ಮೋಸಹೋಗಿ ಅದನ್ನು ಎತ್ತಲು ತಡ ಮಾಡಿದವು.

ಸುಡುಗಾಡಿಗೆ ಹೊತ್ತುಕೊಂಡು ಹೋಗುವುದನ್ನು ನೋಡಬೇಕು ಎಂದರೆ ಮಳೆ ಬಿಟ್ಟ ಆ ಮೊದಲ ಗಂಟೆಗಿಂತ ಒಳ್ಳೆಯ ಹೊತ್ತಿಲ್ಲ. ಪಂಚೆ ಒಗೆಯುವ ಕೆಲಸ ಮುಂದೂಡಿ ನಾನು ಅವತ್ತು ಪೆಟ್ಟಿಗೆಯ ಪಕ್ಕ ಮಣೆ ಹಾಕಿ ಕೂತೆ. ಬಾಗಿಲ ಸಂದಿನಲ್ಲಿ ಮೊದಲು ಕಂಡದ್ದು ಒಂದು ಹುಳುವಿನ ಹಿಂಭಾಗ. ಹಿಮ್ಮುಖವಾಗಿ ಬರುತ್ತಿತ್ತು. ಬಾಯಲ್ಲಿ ಸತ್ತ ಹುಳುವಿನ ರೆಕ್ಕೆಯ ಬುಡ. ಹೆಣ ಒದ್ದೆಯಾಗಿ ಹಲಗೆಗೆ ಅಂಟಿತ್ತು. ಎಳೆಯಿತು, ಬಿಟ್ಟಿತು, ಇನ್ನೊಂದು ಬದಿಯಿಂದ ಬಂದು ಕಾಲು ಹಿಡಿಯಿತು. ಹೊಸ್ತಿಲಲ್ಲಿ ಎತ್ತಿಕೊಂಡು ಹಾರಲು ನೋಡಿತು. ಎರಡು ಅಡಿ ಹಾರಿ, ಭಾರಕ್ಕೆ ಕೆಳಗೆ ಜಗ್ಗಿ, ಕಾಫಿ ಗಿಡದ ಬುಡಕ್ಕೆ ಎರಡೂ ಬಿದ್ದವು. ಬದುಕಿದ್ದದ್ದು ಮೀಸೆ ಒರೆಸಿಕೊಂಡು ವಾಪಸ್ ಬಂತು. ಬೇಸಿಗೆಯಲ್ಲಿ ಇದೇ ಹುಳು ಹೆಣವನ್ನು ಹತ್ತಾರು ಮೀಟರ್ ದೂರ ಹಾರಿಸಿಕೊಂಡು ಹೋಗಿ ಎಸೆಯುತ್ತದೆ. ಚಳಿಯಲ್ಲಿ ಅಷ್ಟೆಲ್ಲ ಶಕ್ತಿ ಹಾಕುವುದಿಲ್ಲ, ಹೊಸ್ತಿಲಿಂದ ನೂಕಿದರೆ ಮುಗಿಯಿತು. ಅದಕ್ಕೇ ಮಳೆಗಾಲದಲ್ಲಿ ಪೆಟ್ಟಿಗೆಯ ಕೆಳಗೆ ಹೆಣ ಕಂಡರೆ ಗಾಬರಿ ಬೇಡ. ಹೆಣ ಹೊರಗೆ ಬಿದ್ದಿದೆ ಎಂದರೆ ಒಳಗೆ ಗುಡಿಸುವವರು ಇದ್ದಾರೆ ಎಂದೇ ಅರ್ಥ.

ಅವತ್ತು ಹೊರಗೆ ಬಿದ್ದದ್ದರಲ್ಲಿ ಒಂದು ಸತ್ತಿರಲಿಲ್ಲ. ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದೆ. ಎರಡು ನಿಮಿಷಕ್ಕೆ ಕಾಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಹಾರಿಯೇ ಹೋಯಿತು. ತಣ್ಣಗಾದ ಮೈಯನ್ನು ಸತ್ತ ಮೈ ಎಂದು ತಿಳಿದಿರಬೇಕು.

ನೆಲ ಗುಡಿಸುವುದು ಒಂದು ಕೆಲಸವಾದರೆ ಕೋಣೆ ಒರೆಸುವುದು ಇನ್ನೊಂದು. ಅದು ಎಳೆಯ ಹುಳುಗಳ ಪಾಲಿನದು. ಕೋಶದಿಂದ ಹೊರಬಂದ ಹುಳುವಿನ ಮೊದಲ ಎರಡು-ಮೂರು ದಿನದ ಉದ್ಯೋಗ ಖಾಲಿಯಾದ ಕೋಶಗಳನ್ನು ನೆಕ್ಕಿ ಒರೆಸಿ ಹೊಳಪು ಕೊಡುವುದು. ಒಂದೇ ಕೋಶಕ್ಕೆ ಹತ್ತಾರು ಹುಳು ಬಂದು ಸ್ವಲ್ಪ ಸ್ವಲ್ಪ ಕೆಲಸ ಮಾಡಿ ಹೋಗುತ್ತವೆ. ರಾಣಿ ಬಂದು ತಲೆ ತೂರಿಸಿ ನೋಡುತ್ತಾಳೆ. ಒಪ್ಪಿಗೆಯಾದರೆ ಮೊಟ್ಟೆ, ಇಲ್ಲದಿದ್ದರೆ ಮುಂದಿನ ಕೋಶ. ನಮ್ಮೂರ ಅತ್ತೆಯಂದಿರು ಹುತ್ತರಿ ಹಬ್ಬಕ್ಕೆ ಮುಂಚೆ ಮೂಲೆ ಮೂಲೆ ಬೆರಳಾಡಿಸಿ ನೋಡುತ್ತಾರಲ್ಲ, ಹಾಗೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಎರಡಿವೆ. ಮೊದಲನೆಯದು, ಎಳೆಯ ಹುಳುವಿಗೆ ಇನ್ನೂ ಸರಿಯಾಗಿ ಬಿಸಿ ಹುಟ್ಟಿಸಲು ಬರುವುದಿಲ್ಲ. ಅದರ ಕೆಲಸದ ಜಾಗ ಮರಿಗಳಿರುವ ಬೆಚ್ಚನೆಯ ನಡುಭಾಗ. ಮೈಬಿಸಿ ಹುಟ್ಟಿಸಬಲ್ಲ ದೊಡ್ಡ ಹುಳುವಿಗೆ ತಣ್ಣನೆಯ ನೆಲ, ಬಾಗಿಲು. ಯಾರೂ ಪಟ್ಟಿ ಮಾಡಿ ಹಂಚಿದ್ದಲ್ಲ, ಆದರೂ ಹಂಚಿಕೆ ಸರಿಯಾಗಿದೆ. ಎರಡನೆಯದು, ಕೋಶದೊಳಗಿನ ಮರಿಹುಳುವಿನ ಹೊಟ್ಟೆ. ಅದರ ಅನ್ನದ ಚೀಲಕ್ಕೂ ಹಿಂದಿನ ಕರುಳಿಗೂ ನಡುವೆ ದಾರಿಯೇ ಇರುವುದಿಲ್ಲ. ತಿನ್ನುವುದೆಲ್ಲ ಮುಗಿದು ಮೈಸುತ್ತ ರೇಷ್ಮೆ ಗೂಡು ನೇಯುವ ಹೊತ್ತಿಗಷ್ಟೇ ದಾರಿ ತೆರೆಯುತ್ತದೆ. ಆಗ ಒಂದೇ ಸಲ ಎಲ್ಲವನ್ನೂ ಹೊರಹಾಕಿ, ತಾನು ನೇಯುವ ರೇಷ್ಮೆಯ ಹೊದಿಕೆಯ ಆಚೆ ಗೋಡೆಗೆ ಮೆತ್ತಿಬಿಡುತ್ತದೆ. ತಾನು ಮಲಗಿರುವ ಊಟದ ತಟ್ಟೆ ಕೆಡದಿರಲಿ ಎಂಬ ವ್ಯವಸ್ಥೆ ಇದು. ಮರಿ ಸಾಕಿದ ಎರಿ ವರ್ಷಕ್ಕೆ ಕಪ್ಪಾಗುವುದು ಈ ಪದರ ಪದರದಿಂದಲೇ. ಎಳೆಯ ಹುಳುಗಳು ಎಷ್ಟು ಕೆರೆದರೂ ಅದು ಪೂರ್ತಿ ಹೋಗುವುದಿಲ್ಲ. ತುಡುವೆ ಜೇನು ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದೆ. ಹಳೆ ಎರಿಯನ್ನು ಕಡಿದು ಪುಡಿಮಾಡಿ ಕೆಳಗೆ ಉದುರಿಸಿ, ಹೂವಿನ ಕಾಲ ಬಂದಾಗ ಹೊಸದು ಕಟ್ಟುತ್ತದೆ. ಉದುರಿದ ಪುಡಿ ಅಡಿಹಲಗೆಯ ಮೇಲೆ. ಮತ್ತೆ ಅದೇ ತಣ್ಣನೆಯ ನೆಲ!

ಇಷ್ಟಾಯಿತು ಕಸದ ಕತೆ. ಆದರೆ ನಮ್ಮ ಕಡೆ ಕಸಕ್ಕಿಂತ ದೊಡ್ಡ ಕೊಳಕು ನೀರು. ಇದು ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ.

ಜೇನು ಸಾಕಲು ಶುರುಮಾಡಿದ ಎರಡನೇ ವರ್ಷ. ಜುಲೈಯ ಚಳಿಗೆ ಪಾಪ ಹುಳುಗಳು ನಡುಗುತ್ತಿವೆ ಎಂದುಕೊಂಡು ಒಂದು ಪೆಟ್ಟಿಗೆಗೆ ಗೋಣಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಸಂದುಗೊಂದಿಗೆಲ್ಲ ಮಣ್ಣು ಮೆತ್ತಿದೆ. ಬಾಗಿಲು ಎರಡು ಹುಳು ಹಾಯುವಷ್ಟು ಮಾತ್ರ ಬಿಟ್ಟೆ. ಸೆಪ್ಟೆಂಬರ್‌ನಲ್ಲಿ ಮುಚ್ಚಳ ತೆಗೆದರೆ ಒಳಗಿಂದ ಹಳೆ ನೆಲಮಾಳಿಗೆಯ ವಾಸನೆ. ಮುಚ್ಚಳದ ಒಳಮೈಯಲ್ಲಿ ಹನಿ ಹನಿ ನೀರು. ಬದಿಯ ಎರಡು ಎರಿಗಳ ಮೇಲೆ ಹಸಿರು-ಬಿಳಿ ಬೂಷ್ಟು. ಅಡಿಹಲಗೆಯಲ್ಲಿ ಕಪ್ಪು ಕೆಸರು, ಅದರಲ್ಲಿ ಬಿಳಿ ಹುಳ ಹೊರಳಾಡುತ್ತಿತ್ತು. ಜೇನು? ಒಂದೂ ಇಲ್ಲ. ಪರಾರಿ.

ಮಳೆ ನೀರು ಒಂದು ಹನಿ ಒಳಗೆ ಹೋಗಿರಲಿಲ್ಲ. ಹಾಗಾದರೆ ಆ ನೀರು ಎಲ್ಲಿಯದು? ಹುಳುಗಳದ್ದೇ. ಜೇನುತುಪ್ಪ ಎಂದರೆ ಸಕ್ಕರೆ ಮತ್ತು ನೀರು. ಒಂದು ಕೆಜಿಯಲ್ಲಿ ಸುಮಾರು 200 ಗ್ರಾಂ ನೀರೇ ಇರುತ್ತದೆ. ಉಳಿದ ಸಕ್ಕರೆಯನ್ನು ಮೈ ಬಿಸಿಗಾಗಿ ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಜತೆಗೆ ನೀರೂ ಹುಟ್ಟುತ್ತದೆ. 100 ಗ್ರಾಂ ಸಕ್ಕರೆಗೆ 60 ಗ್ರಾಂ ನೀರು. ಎಲ್ಲ ಕೂಡಿಸಿದರೆ ಒಂದು ಕೆಜಿ ಜೇನುತುಪ್ಪ ಖರ್ಚಾಗುವ ಹೊತ್ತಿಗೆ 650-700 ಗ್ರಾಂ ನೀರು ಉಸಿರಾಟದ ಹಬೆಯಾಗಿ ಪೆಟ್ಟಿಗೆಯೊಳಗೆ ಸೇರುತ್ತದೆ. ಬೆಚ್ಚನೆಯ ಹಬೆ ಮೇಲೇರುತ್ತದೆ, ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ಕೆಳಗೆ ತೊಟ್ಟಿಕ್ಕುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ದಿನಾ ನೋಡುತ್ತೇವೆ ಅಲ್ವಾ? ನಾನು ಸಂದು ಮುಚ್ಚಿದ್ದರಿಂದ ಆ ಹಬೆಗೆ ಹೋಗಲು ದಾರಿ ಇರಲಿಲ್ಲ.

ಪಕ್ಕದ ತೋಟದ ಮಾವ ಐವತ್ತು ವರ್ಷದಿಂದ ಜೇನು ಸಾಕಿದವರು. ಬಂದು ನೋಡಿ, ಪ್ಲಾಸ್ಟಿಕ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು, "ಇದೆಂಥದು ಮಾರಾಯ?"

"ಚಳಿ ಆಗ್ತದೆ ಅಂತ ಸುತ್ತಿದ್ದೆ ಮಾವ."

"ಅದಕ್ಕೆ ಕಂಬಳಿ ಬೇಡ. ಕೊಡೆ ಕೊಡು ಸಾಕು."

ಬೆಚ್ಚಗಿಡುವ ವಿದ್ಯೆ ಹುಳುವಿಗೆ ಗೊತ್ತಿದೆ. ಮೇಲಿಂದ ಬೀಳುವ ಮಳೆ ತಡೆಯುವುದು, ಒಳಗಿನ ಹಬೆಗೆ ದಾರಿ ಬಿಡುವುದು ಇವೆರಡೇ ನಮ್ಮ ಕೆಲಸ. ಈಗ ನನ್ನ ಪೆಟ್ಟಿಗೆಗಳ ಮೇಲೆ ತಗಡಿನ ಮಾಡು ಇದೆ, ಅಂಚು ಒಂದು ಗೇಣು ಮುಂದಕ್ಕೆ ಚಾಚಿದೆ. ಪೆಟ್ಟಿಗೆ ಬಾಗಿಲ ಕಡೆಗೆ ಚೂರೇ ಚೂರು ಇಳಿಜಾರಾಗಿದೆ, ಒಳಗೆ ನೀರು ಬಿದ್ದರೂ ಹರಿದು ಹೊರಗೆ ಬರುತ್ತದೆ. ಮೇಲೆ ನೆರಳಿನ ಮರದ ಕೊಂಬೆ ಕಡಿದು ಬೆಳಗ್ಗಿನ ಬಿಸಿಲು ಬೀಳುವ ಹಾಗೆ ಮಾಡಿದ್ದೇನೆ.

ಗಾಳಿ ಆಡಿಸುವ ವಿಷಯದಲ್ಲಿ ತುಡುವೆಗೂ ಪಾಶ್ಚಾತ್ಯ ಜೇನಿಗೂ ಒಂದು ಮಜಾ ವ್ಯತ್ಯಾಸ ಇದೆ. ಎರಡೂ ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ಪಾಶ್ಚಾತ್ಯ ಜೇನು ತಲೆಯನ್ನು ಗೂಡಿನ ಕಡೆ ಮಾಡಿ ನಿಲ್ಲುತ್ತದೆ, ಅಂದರೆ ಒಳಗಿನ ಗಾಳಿಯನ್ನು ಹೊರಗೆ ಎಳೆದು ಹಾಕುತ್ತದೆ. ನಮ್ಮ ತುಡುವೆ ತಲೆ ಹೊರಗೆ ಮಾಡಿ ನಿಂತು ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ. ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗಿದ್ದರೆ ಅದನ್ನು ಒಳಗೆ ನೂಕಿ ಏನು ಲಾಭ ಎಂದು ನಾನೂ ಕೇಳಿಕೊಂಡಿದ್ದೇನೆ. ಲಾಭ ಇದೆ. ಹೊರಗಿನ 20 ಡಿಗ್ರಿಯ ಗಾಳಿ ಒಳಗೆ ಬಂದು 34 ಡಿಗ್ರಿಗೆ ಬಿಸಿಯಾದರೆ ಅದಕ್ಕೆ ಇನ್ನಷ್ಟು ನೀರು ಹೀರುವ ಶಕ್ತಿ ಬರುತ್ತದೆ. ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹಾಕುವ ತರ್ಕವೂ ಇದೇ. ಆದರೆ ಬಿಸಿ ಮಾಡಲು ಹುಳು ಬೇಕು, ಜೇನುತುಪ್ಪ ಬೇಕು. ಇನ್ನೊಂದು ವ್ಯತ್ಯಾಸ, ಪಾಶ್ಚಾತ್ಯ ಜೇನು ಮರದ ಅಂಟು ತಂದು ಸಂದುಗಳಿಗೆ ಮೆತ್ತುತ್ತದೆ. ಅದಕ್ಕೆ ರೋಗಾಣು ತಡೆಯುವ ಗುಣವೂ ಇದೆ. ತುಡುವೆ ಅದನ್ನು ತರುವುದಿಲ್ಲ. ಅದರ ಶುಚಿತ್ವವೆಲ್ಲ ಬಾಯಿ ಮತ್ತು ಕಾಲಿನ ದುಡಿಮೆಯಿಂದಲೇ.

ನಮ್ಮ ಕಾಡಿನ ಉಳಿದ ಜೇನುಗಳು ಇದೇ ಸಮಸ್ಯೆಗೆ ಬೇರೆ ಬೇರೆ ದಾರಿ ಹಿಡಿದಿವೆ. ಹೆಜ್ಜೇನು ಗುಡಿಸುವ ಗೋಜಿಗೇ ಹೋಗುವುದಿಲ್ಲ. ಮಳೆ ಬರುವ ಹೊತ್ತಿಗೆ ಎರಿಯನ್ನು ಮರದಲ್ಲೇ ಬಿಟ್ಟು ಬಯಲುಸೀಮೆಯ ಕಡೆ ಹೊರಟುಬಿಡುತ್ತದೆ. ಬಾಡಿಗೆ ಮನೆಯವರ ಹಾಗೆ. ಮುಜಂಟಿ (ಚುಚ್ಚದ ಪುಟ್ಟ) ಜೇನು ಗೂಡಿನ ಒಂದು ಮೂಲೆಯಲ್ಲಿ ಕಸದ ಗುಡ್ಡೆ ಮಾಡಿಕೊಂಡು, ಉಂಡೆ ಕಟ್ಟಿ ಒಂದೊಂದಾಗಿ ಹೊರಗೆ ಎಸೆಯುತ್ತದೆ. ತುಡುವೆ ಮಾತ್ರ ಇದ್ದ ಮನೆಯಲ್ಲೇ ಇದ್ದು ಕಷ್ಟಪಡುತ್ತದೆ. ಕಷ್ಟ ಮೀರಿದರೆ ಅದೂ ಗಂಟುಮೂಟೆ ಕಟ್ಟುತ್ತದೆ.

ಮೀರುವುದು ಯಾವಾಗ? ಬಹುತೇಕ ಸಲ ಮೇಣದ ಹುಳು ಹತ್ತಿದಾಗ. ಇದೊಂದು ಬೂದು ಬಣ್ಣದ ಪತಂಗ. ರಾತ್ರಿ ನುಗ್ಗಿ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಅಡಿಹಲಗೆಯ ಮೇಣದ ಪುಡಿ, ಪರಾಗ, ಸತ್ತ ಹುಳುವಿನ ಚೂರು ಎಲ್ಲ ಅದರ ಮರಿಗೆ ಊಟ. ಅಲ್ಲಿ ಬೆಳೆದು ಎರಿಗೆ ಹತ್ತಿ, ಒಳಗೆ ಸುರಂಗ ಕೊರೆದು, ಜೇಡರ ಬಲೆಯಂತೆ ನೂಲು ಬಿಡುತ್ತದೆ. ಹುಳುಗಳು ಮುಚ್ಚಿಕೊಂಡಿರುವ ಎರಿಯಲ್ಲಿ ಅದರ ಆಟ ನಡೆಯುವುದಿಲ್ಲ, ಹಿಡಿದು ಎಳೆದು ಹೊರಗೆ ಹಾಕುತ್ತವೆ. ಹುಳು ಇಲ್ಲದ ಎರಿಯೇ ಅದಕ್ಕೆ ಬೇಕು. ಮಳೆಗಾಲದಲ್ಲಿ ಸಂಸಾರ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಏಳೆಂಟು ಎರಿ ಮುಚ್ಚುತ್ತಿದ್ದ ಹುಳು ಆಗಸ್ಟ್‌ನಲ್ಲಿ ಮೂರೋ ನಾಲ್ಕೋ ಮುಚ್ಚಿದರೆ ಹೆಚ್ಚು. ಉಳಿದ ನಾಲ್ಕು ಎರಿ ಬಾಗಿಲು ತೆರೆದ ಖಾಲಿ ಮನೆ.

ನನ್ನ ಕೇಳಿದರೆ ಮಳೆಗಾಲದ ಶುಚಿತ್ವ ಎಂದರೆ ಲೆಕ್ಕದ ಪ್ರಶ್ನೆ. ಕೈ ಎಷ್ಟಿದೆಯೋ ಮನೆ ಅಷ್ಟೇ ದೊಡ್ಡದಿರಬೇಕು. ಮಳೆ ಹಿಡಿಯುವ ಮೊದಲು ಹುಳು ಮುಚ್ಚದ ಎರಿಗಳನ್ನು ತೆಗೆದುಬಿಡಿ, ಅದರಲ್ಲೂ ಕಪ್ಪಾದವನ್ನು ಮೊದಲು. ಕರಗಿಸಿದರೆ ಮೇಣವೂ ಸಿಗುತ್ತದೆ. ಸಂಸಾರ ಕೋಣೆಯ (ಪೆಟ್ಟಿಗೆಯಲ್ಲಿ ಮರಿ ಬೆಳೆಯುವ ಭಾಗದ) ನಡುವೆ ತಡಿಕೆ ಹಾಕಿ ಜಾಗ ಚಿಕ್ಕದು ಮಾಡಿದರೆ ಬಿಸಿಯೂ ಉಳಿಯುತ್ತದೆ. ಹೂವಿಲ್ಲದ ಕಾಲ, ಸಕ್ಕರೆ ಪಾಕ ಕೊಡಬೇಕು, ಸಂಜೆ ಹೊತ್ತು, ಚೆಲ್ಲದ ಹಾಗೆ. ಬೆಲ್ಲದ ಪಾಕ ಮಾತ್ರ ಬೇಡ. ಬೆಲ್ಲದಲ್ಲಿ ಅರಗದ ಅಂಶ ಜಾಸ್ತಿ. ಮಳೆಗೆ ಹೊರಹೋಗಲಾಗದ ಹುಳುವಿನ ಹೊಟ್ಟೆ ಬೇಗ ತುಂಬಿ, ತಡೆಯಲಾಗದೆ ಗೂಡಿನೊಳಗೇ ಭೇದಿ ಮಾಡಿಕೊಳ್ಳುತ್ತದೆ. ಎರಿಯ ಮೇಲೆ, ಬಾಗಿಲ ಮೇಲೆ ಕಂದು ಗೀಟು ಕಂಡರೆ ಏನೋ ಕೆಟ್ಟಿದೆ ಎಂದು ತಿಳಿಯಿರಿ. ಪಂಚೆ ಮೇಲೆ ಬಿದ್ದದ್ದು ಆರೋಗ್ಯ, ಪೆಟ್ಟಿಗೆಯೊಳಗೆ ಬಿದ್ದದ್ದು ಕಾಯಿಲೆ.

ಕಾಯಿಲೆ ಎಂದಾಗ ಕೊಡಗಿನ ಹಳೆ ಜೇನು ಕೃಷಿಕರಿಗೆ ನೆನಪಾಗುವುದು 1991-92. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಹೊಕ್ಕ ವರ್ಷಗಳು. ಮರಿಹುಳು ಕೋಶದೊಳಗೇ ಸತ್ತು ನೀರು ತುಂಬಿದ ಚೀಲದಂತಾಗುತ್ತದೆ, ಚಿಮಟದಲ್ಲಿ ಎತ್ತಿದರೆ ನೀರಿನ ಹನಿಯಂತೆ ತೂಗುತ್ತದೆ. ಸಾಲು ಸಾಲು ಪೆಟ್ಟಿಗೆ ಖಾಲಿಯಾದವು. ಎಷ್ಟೋ ಮನೆಗಳಲ್ಲಿ ಆ ಪೆಟ್ಟಿಗೆಗಳು ಕೋಳಿಗೂಡಾಗಿ ಉಳಿದಿವೆ. ಇದಕ್ಕೆ ಔಷಧಿ ಇಲ್ಲ. ಉಳಿದ ಸಂಸಾರಗಳನ್ನು ಕಾಪಾಡಿದ್ದರಲ್ಲಿ ಹುಳುಗಳ ಶುಚಿತ್ವದ ಪಾಲೂ ಇದೆ. ಕೆಲವು ಸಂಸಾರಗಳ ಹುಳುಗಳು ಮುಚ್ಚಿದ ಕೋಶದೊಳಗೆ ಮರಿ ಸತ್ತಿರುವುದನ್ನು ಹೊರಗಿಂದಲೇ ವಾಸನೆಯಲ್ಲಿ ಪತ್ತೆ ಮಾಡಿ, ಮುಚ್ಚಳ ಕಡಿದು, ಎಳೆದು ಹೊರಹಾಕುತ್ತವೆ. ಕೆಲವು ಸಂಸಾರಗಳು ಇದರಲ್ಲಿ ಸೋಮಾರಿಗಳು. ಈ ಗುಣ ರಕ್ತದಲ್ಲೇ ಬರುತ್ತದೆ, ಅಂದರೆ ರಾಣಿಯಿಂದ, ಗಂಡು ಜೇನಿನಿಂದ ಮಕ್ಕಳಿಗೆ ದಾಟುತ್ತದೆ. ಪರೀಕ್ಷೆ ಸುಲಭ. ನೂರು ಮುಚ್ಚಿದ ಕೋಶಗಳ ಮರಿಗೆ ಸಣ್ಣ ಸೂಜಿ ಚುಚ್ಚಿ, ಎರಿಯನ್ನು ವಾಪಸ್ ಇಟ್ಟು, 24 ಗಂಟೆ ಬಿಟ್ಟು ಎಷ್ಟು ಖಾಲಿಯಾಗಿದೆ ಎಣಿಸಬೇಕು. ಹೆಚ್ಚು ಖಾಲಿ ಮಾಡಿದ ಸಂಸಾರದಿಂದ ಪಾಲು ಮಾಡಿ ಬೆಳೆಸಿದರೆ ಮುಂದಿನ ಪೀಳಿಗೆಯೂ ಚುರುಕಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಪರೀಕ್ಷೆ ಬೇಡ, ಹುಳುವಿಗೆ ಇರುವ ಕೆಲಸವೇ ಸಾಕು.

ಈ ಸ್ವಚ್ಛತೆಯಲ್ಲಿ ಅಪಾಯವೂ ಇದೆ. ರೋಗದ ಮರಿಯನ್ನು ಬಾಯಿಂದ ಎತ್ತಿದ ಹುಳುವಿನ ಮೈಗೇ ವೈರಸ್ ಸೇರುತ್ತದೆ. ಅದೇ ಬಾಯಲ್ಲಿ ಇನ್ನೊಂದು ಮರಿಗೆ ಉಣಿಸಿದರೆ ಕತೆ ಮುಗಿಯಿತು. ಆದರೆ ಸೋಂಕು ತಗುಲಿದ ಹುಳು ಪರಾಗ ತಿನ್ನುವುದನ್ನು ಬಿಡುತ್ತದೆ, ಮರಿ ಸಾಕುವ ಕೆಲಸದಿಂದ ದೂರವಾಗಿ ವಯಸ್ಸಿಗೆ ಮೊದಲೇ ಹೊರಗಿನ ದುಡಿಮೆಗೆ ಹೊರಟುಹೋಗುತ್ತದೆ. ಮಳೆಯಲ್ಲಿ ಹೊರಗೆ ಹೋಗಲು ಆಗದಿದ್ದರೆ? ಒಳಗೇ ಉಳಿಯುತ್ತದೆ. ಮಳೆಗಾಲ ಈ ರೋಗಕ್ಕೆ ಅನುಕೂಲವಾಗುವುದು ಬರೀ ತೇವದಿಂದಲ್ಲ, ಎಲ್ಲರೂ ಮನೆಯಲ್ಲೇ ಕೂತಿರುವುದರಿಂದ ಕೂಡ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ನಾವು ಕೈ ಹಾಕಿ ಸಹಾಯ ಮಾಡಬೇಕಾ? ಅಡಿಹಲಗೆಯ ಮಟ್ಟಿಗೆ ಮಾಡಬೇಕು. ಅದು ಹುಳುವಿಗೆ ಕಷ್ಟದ ಜಾಗ, ನಮಗೆ ಸುಲಭದ ಜಾಗ. ಹತ್ತು ದಿನಕ್ಕೊಮ್ಮೆ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಹಲಗೆ ಎಳೆದು, ಹಳೆ ಚಾಕುವಿನಿಂದ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ ಇಟ್ಟರಾಯಿತು. ಎರಡು ಹಲಗೆ ಇದ್ದರೆ ಇನ್ನೂ ಸುಲಭ. ಒಂದನ್ನು ಒಲೆ ಹತ್ತಿರ ಒಣಗಿಸಿಟ್ಟುಕೊಂಡು ಅದಲು ಬದಲು ಮಾಡಬಹುದು. ಆದರೆ ಮುಚ್ಚಳ ತೆಗೆದು ಒಂದೊಂದೇ ಎರಿ ಎತ್ತಿ ನೋಡುವ ಚಟ ಮಳೆಯಲ್ಲಿ ಒಳ್ಳೆಯದಲ್ಲ. 34 ಡಿಗ್ರಿಯ ಮರಿಗೆ ತಣ್ಣನೆಯ ಗಾಳಿ ಹೊಡೆದರೆ ಸಾಯುತ್ತದೆ, ಮರುದಿನ ಅದನ್ನು ಹೊರಲು ಅದೇ ಹುಳುಗಳು ಬೇಕು. ನಾವು ನೋಡಿದ ಕುತೂಹಲಕ್ಕೆ ಅವಕ್ಕೆ ಇಪ್ಪತ್ತು ಹೆಣದ ಕೆಲಸ.

ಡಿಸೆಂಬರ್-ಜನವರಿಯ ಚಳಿಯದ್ದು ಇಷ್ಟು ಗೋಳಿಲ್ಲ. ರಾತ್ರಿ ಮುದ್ದೆಯಾಗಿರುತ್ತವೆ, ಬೆಳಗ್ಗೆ ಮಂಜು ಕರಗುವವರೆಗೆ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಕಾಫಿ ಕುಯ್ಯಲು ಬಂದವರು ಹತ್ತು ಗಂಟೆಯ ಚಹಾ ಕುಡಿಯುವ ಹೊತ್ತಿಗೆ ಪೆಟ್ಟಿಗೆಯ ಮುಂದೆ ಓಡಾಟ ಶುರು. ರಾತ್ರಿ ಬಿದ್ದ ಕಸವೆಲ್ಲ ಆಗ ಹೊರಗೆ. ಗಾಳಿ ಒಣಗಿರುವುದರಿಂದ ಬೂಷ್ಟಿನ ಕಾಟ ಇಲ್ಲ.

ಎಳೆದ ಅಡಿಹಲಗೆಯನ್ನು ಕೆರೆಯುವ ಮೊದಲು ಒಂದು ನಿಮಿಷ ಬಿಸಿಲಿಗೆ ಹಿಡಿದು ನೋಡಿ. ನಾನಂತೂ ಈಗ ಮುಚ್ಚಳ ತೆಗೆಯುವುದೇ ಅಪರೂಪ, ಹಲಗೆ ನೋಡಿದರೆ ಸಾಕು. ಕಂದು ಮೇಣದ ಪುಡಿ ಗೀಟು ಗೀಟಾಗಿ ಬಿದ್ದಿದ್ದರೆ ಮೇಲೆ ಎಷ್ಟು ಎರಿ ನಡುವೆ ಹುಳು ಕೂತಿದೆ ಎಂದು ಗೀಟು ಎಣಿಸಿ ಹೇಳಬಹುದು. ನಾಲ್ಕು ಗೀಟು ಇದ್ದದ್ದು ಮುಂದಿನ ಸಲ ಮೂರಾದರೆ ಸಂಸಾರ ಕುಗ್ಗಿದೆ. ಗಸಗಸೆಯಂಥ ಕಪ್ಪು ಕಾಳು, ನಡುವೆ ಬಿಳಿ ನೂಲು ಕಂಡರೆ ಮೇಣದ ಹುಳು ಬಂದಿದೆ, ಅವತ್ತೇ ಎರಿ ನೋಡಬೇಕು. ಕೋಶದ ಮುಚ್ಚಳದ ತೆಳು ಚೂರು ಕಂಡರೆ ಮರಿಗಳು ಹುಟ್ಟುತ್ತಿವೆ, ಒಳ್ಳೆಯದು. ಬಿಳಿ ಮರಿಯ ದೇಹ ಒಂದೆರಡು ಬಿದ್ದಿದ್ದರೆ ಚಳಿ ಹೊಡೆದಿರಬಹುದು. ಹತ್ತಾರು ಬಿದ್ದಿದ್ದರೆ ಒಂದನ್ನು ಕಡ್ಡಿಯಲ್ಲಿ ಎತ್ತಿ ನೋಡಿ, ಚೀಲದಂತೆ ತೂಗುತ್ತದೆಯಾ ಎಂದು. ಹಲಗೆಯ ಒಂದು ಮೂಲೆ ಮಾತ್ರ ಒದ್ದೆಯಾಗಿದ್ದರೆ ಪೆಟ್ಟಿಗೆಯ ಕಾಲಿನ ಕೆಳಗೆ ಮಣ್ಣು ಕುಸಿದು ಇಳಿಜಾರು ತಪ್ಪಿದೆ, ಒಂದು ಕಲ್ಲು ಕೊಟ್ಟರೆ ಸರಿಹೋಗುತ್ತದೆ. ನಾನು ಈ ಸಲ ಮೂರನೇ ಪೆಟ್ಟಿಗೆಗೆ ಕೊಟ್ಟದ್ದು ಒಡೆದ ಹೆಂಚಿನ ಚೂರು.